ಅಣ್ಣನ ಎಡತೋಳು

ನಮ್ಮಣ್ಣ ರಕ್ತದೊತ್ತಡ ನೋಡುವ ಮಿಷನ್‌ಗಳನ್ನು ರಿಪೇರಿ ಮಾಡುತ್ತಿದ್ದ. ಸುತ್ತಲಿನ ದವಾಖಾನೆಗಳವೆಲ್ಲ ಅವನ ಮೇಜಿಗೇ ಬರುತ್ತಿದ್ದವು. ಅಳತೆ ತಾಳೆ ನೋಡಲು ಇಟ್ಟಿದ್ದ ಪಾದರಸದ ಕೊಳವೆ ಒಡೆದ ಮೇಲೆ ಅವನು ಹೊಸದನ್ನು ತರಲಿಲ್ಲ. ರಿಪೇರಿಯಾದದ್ದನ್ನು ತನ್ನ ಎಡತೋಳಿಗೇ ಸುತ್ತಿ, ಮುಳ್ಳು ನೂರಿಪ್ಪತ್ತು ತೋರಿಸುವವರೆಗೂ ಸ್ಕ್ರೂ ತಿರುಗಿಸುತ್ತಿದ್ದ.

"ನಂದು ಮೊದಲಿಂದ ನೂರಿಪ್ಪತ್ತೇ ಕಣೋ. ಇದಕ್ಕಿಂತ ಸರಿಯಾದ ಅಳತೆ ಇನ್ನೆಲ್ಲಿದೆ?" ಎನ್ನುತ್ತಿದ್ದ.

ಮೊದಲಿಂದ ಅಂದರೆ, ಇಪ್ಪತ್ತೈದನೇ ವಯಸ್ಸಿನಲ್ಲಿ ಒಮ್ಮೆ ನೋಡಿಸಿಕೊಂಡದ್ದು. ಈಗ ಅವನಿಗೆ ಐವತ್ತೆರಡು. ನಡುವೆ ಹೊಟ್ಟೆ ಬಂದಿತ್ತು, ತುಟಿಯಿಂದ ಸಿಗರೇಟು ಇಳಿಯುತ್ತಿರಲಿಲ್ಲ, ತಟ್ಟೆಯ ಅಂಚಿನಲ್ಲಿ ಉಪ್ಪಿನ ಗುಡ್ಡೆ ಇಲ್ಲದೆ ಊಟವಿಲ್ಲ. ಅಪ್ಪ ಲಕ್ವ ಹೊಡೆದು ಹೋದದ್ದನ್ನು ನೆನಪಿಸಿದರೆ, "ನಿನ್ ಬಾಯಲ್ಲಿ ಒಳ್ಳೆ ಮಾತೇ ಬರಲ್ವಾ?" ಎಂದು ರೇಗುತ್ತಿದ್ದ. ನಾನೂ ಬಾಯಿ ಮುಚ್ಚಿಕೊಂಡೆ. ಅದಕ್ಕೆ ಈಗ ನನ್ನ ಮೇಲೇ ನನಗೆ ಸಿಟ್ಟು.

ಅತ್ತಿಗೆಗೆ ಬೆಳಿಗ್ಗೆ ಎದ್ದರೆ ತಲೆನೋವು. ಅಣ್ಣ ತನ್ನ ಮಿಷನ್ ತಂದು ಅವಳ ತೋಳಿಗೆ ಪಟ್ಟಿ ಸುತ್ತುತ್ತಿದ್ದ. "ನೂರಿಪ್ಪತ್ತೈದು. ಗುಂಡುಕಲ್ಲಿನ ಹಾಗಿದ್ದೀಯ, ಹೋಗು." ಅವಳು ನಗುತ್ತಾ ಒಲೆಯ ಮುಂದೆ ಹೋಗುತ್ತಿದ್ದಳು. ಒಂದು ದಿನ ಅಲ್ಲೇ ಲೋಟ ಕೈಜಾರಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು.

ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಅವಳ ಬಿಪಿ ಇನ್ನೂರು ದಾಟಿದೆ ಅಂದರು. "ನಿಮ್ ಮಿಷನ್ ಕೆಟ್ಟಿದೆ, ಬೇಕಾದ್ರೆ ನನಗೆ ಹಾಕಿ ನೋಡಿ" ಎಂದು ಅಣ್ಣ ತೋಳು ಚಾಚಿದ. ನೂರೆಂಬತ್ತು. ನರ್ಸಮ್ಮ ಇನ್ನೊಂದು ಮಿಷನ್ ತಂದಳು. ಅದೂ ನೂರೆಂಬತ್ತೇ. ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ತನ್ನ ಒತ್ತಡ ಏರಿದಷ್ಟೂ ಊರಿನ ಮಿಷನ್‌ಗಳ ಅಳತೆಯನ್ನು ಇಳಿಸುತ್ತಾ ಬಂದಿದ್ದ.

ಆಮೇಲೆ ದವಾಖಾನೆ ದವಾಖಾನೆ ಅಲೆದು ಅವುಗಳನ್ನು ವಾಪಸ್ ತಂದ. ಎಲ್ಲವೂ ಸಿಗಲಿಲ್ಲ, ಕೆಲವು ಕೈ ಬದಲಾಗಿ ಎಲ್ಲಿಗೋ ಹೋಗಿದ್ದವು. ಬೀದಿಯಲ್ಲಿ ಯಾರಾದರೂ ಹಣೆ ಒತ್ತಿಕೊಂಡರೆ ನಿಲ್ಲಿಸಿ, "ನಿಮಗೆ ಬಿಪಿ ಎಲ್ಲಿ ನೋಡಿದ್ರು?" ಎಂದು ಕೇಳುತ್ತಾನೆ. ಜನ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ವಾಪಸ್ ತಂದವುಗಳ ಮೇಲೆ ಬಟ್ಟೆ ಹೊದಿಸಿದ್ದಾನೆ. ಬಟ್ಟೆಯೊಳಗೆ ಪಟ್ಟಿಗಳು ಗಾಳಿ ಬಿಡುವ ಸದ್ದು ಅವನಿಗೆ ಕೇಳುತ್ತದಂತೆ. ನಾನು ನಂಬಿರಲಿಲ್ಲ. ಮೊನ್ನೆ ಹಾಡಹಗಲೇ ನನಗೂ ಕೇಳಿದ ಹಾಗಾಯಿತು.

ಅಣ್ಣನ ಮಿಷನ್ ತಪ್ಪು ತೋರಿಸುತ್ತಿತ್ತೆಂದು ಅತ್ತಿಗೆಗೆ ಇನ್ನೂ ಯಾರೂ ಹೇಳಿಲ್ಲ. ದಿನವೂ ಮನೆಗೆ ಬರುವ ನರ್ಸಮ್ಮ ಪಟ್ಟಿ ತೆಗೆದರೆ ಅವಳು ತೋಳು ಹಿಂದಕ್ಕೆಳೆದುಕೊಳ್ಳುತ್ತಾಳೆ. ಆಡುವ ಒಂದೇ ಕೈಯನ್ನು ಅಣ್ಣನ ಕಡೆಗೆ ಚಾಚಿ, ಅವನು ಸಂಖ್ಯೆ ಹೇಳಲೆಂದು ಮುಖವನ್ನೇ ನೋಡುತ್ತಾ ಕಾಯುತ್ತಾಳೆ.