ಮಾಳಪ್ಪ ಮಾಮಾ ಎಳೆದ ಭಂಡಾರದ ಗೆರೆ

ಮಾಳಪ್ಪ ಮಾಮಾ ಗೆರೆಯನ್ನು ತುಳಿಯುತ್ತಿರಲಿಲ್ಲ. ಸೋಲಾಪುರದ ನಮ್ಮ ಕಾಲೊನಿಯ ಪಿಕಲ್‌ಬಾಲ್ ಅಂಗಳಕ್ಕೆ ಬರುವಾಗ ಬಿಳಿ ಪಟ್ಟಿ ಎದುರಾದರೆ, ಹೊಸ್ತಿಲು ದಾಟುವವರಂತೆ ಬಲಗಾಲೆತ್ತಿ ಆಚೆ ಇಡುತ್ತಿದ್ದರು. ಮಗ ಕೊಡಿಸಿದ ಟ್ರ್ಯಾಕ್ ಪ್ಯಾಂಟ್ ತೊಟ್ಟಿದ್ದರೂ ಎಡಗೈ ಮಾತ್ರ ಅಲ್ಲಿಲ್ಲದ ಧೋತರದ ಚುಂಗನ್ನು ಎತ್ತಿ ಹಿಡಿಯುತ್ತಿತ್ತು.

ಅವರನ್ನು ಮೊದಲು ಕಂಡದ್ದು ಅಕ್ಕಲಕೋಟದ ಬಸ್ಸಿನಲ್ಲಿ. ನಾನು ಅಲ್ಲಿಯ ಕಾಲೇಜೊಂದರಲ್ಲಿ ಗುಮಾಸ್ತ, ದಿನಾ ಸೋಲಾಪುರದಿಂದ ಹೋಗಿಬರುವವನು; ಅವರು ಕಂಡಕ್ಟರ್. ಬಸ್ಸು ತಪ್ಪೀತೆಂದು ಹೊತ್ತಿಗೆ ಮುಂಚೆಯೇ ಬಂದು, ಕೂತ ಮೇಲೆ ಗ್ಯಾಸ್ ಬಂದ್ ಆಗಿದೆಯೋ ಇಲ್ಲವೋ ಎಂದು ಹೆಂಡತಿಗೆ ಫೋನ್ ಹಚ್ಚುವ ನನ್ನನ್ನು ಅವರು ವರ್ಷಗಟ್ಟಲೆ ಸಹಿಸಿಕೊಂಡಿದ್ದರು. "ಸಾಹೇಬ್ರ, ಗಾಡಿ ನಾನೂ ನಡಸೂದಿಲ್ಲ, ನೀವೂ ನಡಸೂದಿಲ್ಲ. ಡ್ರೈವರ್ ಅದಾನ. ಅರಾಮ ಕುಂದ್ರರಿ," ಎನ್ನುತ್ತಿದ್ದರು. ಆರಾಮಾಗಿ ಕೂತರೆ ನನಗೆ ಟಯರಿನ ಚಿಂತೆ ಹತ್ತುತ್ತಿತ್ತು.

ಅವರು ನಿವೃತ್ತರಾಗಿ ನಮ್ಮ ಕಾಲೊನಿಗೇ ಬಂದರು. ಡಾಕ್ಟರು ನನ್ನ ಬಿ.ಪಿ. ನೋಡಿ, ಏನಾದರೂ ಆಡಿ ಎಂದರು. ಮನೆಯಲ್ಲಿ ಗೋಡೆ ನೋಡುತ್ತ ಕೂರುವ ಅಪ್ಪನನ್ನು ಮಾಮಾರ ಮಗ ಹೊರಗೆ ಅಟ್ಟಿದ. ಹೀಗೆ, ಬೇರೆ ಯಾರಿಗೂ ಬೇಡವಾದ ಇಬ್ಬರು ಜೋಡಿಯಾದೆವು.

ಟೆನಿಸ್‌ನಂತೆ ಬಲೆಯ ಆಚೀಚೆ ನಿಂತು ನಾವು ಆಡುವ ಈ ಆಟಕ್ಕೆ ಅಂಪೈರ್ ಇರುವುದಿಲ್ಲ. ನಮ್ಮ ಬದಿಗೆ ಬಿದ್ದ ಚೆಂಡು ಗೆರೆಯ ಒಳಗೋ ಹೊರಗೋ ಎಂದು ನಾವೇ ಹೇಳಬೇಕು. ಸಂಶಯ ಬಂದರೆ ಎದುರಿನವರಿಗೆ ಬಿಟ್ಟುಕೊಟ್ಟು 'ಒಳಗೆ' ಎನ್ನಬೇಕು. ಇದನ್ನು ಕೇಳಿದ ದಿನ ಮಾಮಾ ಪ್ಯಾಡಲನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಕಡೆ ತಿರುಗಿದರು. "ಸಂಶೇ ಬಂದ್ರ ಅವ್ರಿಗಿ ಕೊಡೂದು? ಇಂಥಾ ಕಾಯ್ದೆ ಯಾವ ಪುಣ್ಯಾತ್ಮ ಬರದಾನ್ರಿ?"

ಅಂದಿನಿಂದ ನಮ್ಮ ಸೋಲು ಶುರುವಾಯಿತು. ಅಂಗೈಯಷ್ಟು ಹೊರಗೆ ಬಿದ್ದ ಚೆಂಡಿಗೂ ಮಾಮಾ ಬಗ್ಗಿ, ಮೊಣಕಾಲಿಗೆ ಕೈ ಕೊಟ್ಟು ನೋಡಿ, "ಸಂಶೇ ಐತಿ. ತಗೋರ್ಪಾ," ಎಂದು ಕೊಟ್ಟುಬಿಡುತ್ತಿದ್ದರು. ಎದುರಿನ ತರುಣರು ನಾಚಿಕೆಪಟ್ಟು ತಾವೇ ಬೇಡವೆಂದದ್ದೂ ಉಂಟು. ನಾನು ಮಾತ್ರ ಒಳಗೊಳಗೇ ಕುದಿಯುತ್ತಿದ್ದೆ. ಬಿ.ಪಿ. ಇಳಿಸಲು ಬಂದವನು ನಾನು.

ಇಷ್ಟು ಧಾರಾಳಿಯಾದ ಈ ಮನುಷ್ಯ ಒಡಹುಟ್ಟಿದ ತಮ್ಮನ ಮೇಲೆ ಕೇಸು ನಡೆಸುತ್ತಿದ್ದರೆಂದು ತಿಳಿದದ್ದು ಆಮೇಲೆ. ಬೋರಾಮಣಿಯಲ್ಲಿ ಅಪ್ಪನ ಹೊಲ ಇಬ್ಬರಿಗೆ ಹಂಚಿಕೆಯಾಗಿತ್ತು. ಪ್ರತಿ ಬಿತ್ತಿಗೆಗೆ ಈ ಕಡೆಯಿಂದ ಇವರೊಂದು ಸಾಲು, ಆ ಕಡೆಯಿಂದ ತಮ್ಮ ಸಿದ್ದಪ್ಪ ಒಂದು ಸಾಲು ಕೊರೆದೂ ಕೊರೆದೂ, ನಡುವಿನ ಬದು ರೊಟ್ಟಿಯಷ್ಟು ತೆಳ್ಳಗಾಗಿ, ಒಂದು ಮಳೆಗೆ ಗುರುತಿಲ್ಲದಂತೆ ಹೋಯಿತು. ಮೋಜಣಿಯವರು ಅಳೆದು ನೆಟ್ಟ ಕಲ್ಲುಗಳು ಬೆಳಗಾಗುವುದರೊಳಗೆ ಒಮ್ಮೆ ಆಚೆ, ಒಮ್ಮೆ ಈಚೆ ಸರಿದಿರುತ್ತಿದ್ದವು. ಅಣ್ಣತಮ್ಮಂದಿರ ಮಾತು ನಿಂತಿತು. ತಾರೀಖಿಗೆ ಸೋಲಾಪುರದ ಕೋರ್ಟಿನಲ್ಲಿ ಒಂದೇ ಬೆಂಚಿನ ಎರಡು ತುದಿಗೆ ಕೂರುತ್ತಿದ್ದರಂತೆ. ಊರಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರಂತೆ. "ಹೊಲಾ ಹಾಳಾಗಿ ಹೋಗ್ಲಿ ಸಾಹೇಬ್ರ. ಅಂವ ಒಮ್ಮಿ 'ಅಣ್ಣಾ' ಅನ್ಲಿ," ಎಂದರು ಒಂದು ದಿನ, ಬೆವರು ಒರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡು.

ಆಟದ ಕಾಯ್ದೆ ಅವರ ತಲೆಯಲ್ಲಿ ಕೊರೆಯುತ್ತಿತ್ತೆಂದು ತೋರುತ್ತದೆ. ಒಂದು ಮುಂಜಾನೆ ಸೋತು ಕೂತಾಗ ಅಂದರು: "ಯಾರ್ದೋ ಹುಡುಗ್ರಿಗಿ ಕೊಡಾಕತ್ತೀನಿ. ಬೆನ್ನಿಗಿ ಬಿದ್ದಂವಗ ಕೊಡಾಕ ನನಗೇನ್ ಧಾಡಿ?" ಮರುದಿನವೇ ಬೋರಾಮಣಿಗೆ ಹೋದರು. ಬಿರೋಬನ ಗುಡಿಯಿಂದ ಭಂಡಾರ, ಅಂದರೆ ದೇವರ ಅರಿಶಿಣ, ತಂದರು. ಜಗಳದ ಪಟ್ಟಿಯಷ್ಟನ್ನೂ ತಮ್ಮನ ಕಡೆಗೆ ಬಿಟ್ಟು, ಸ್ವಂತ ಪಾಲಿನ ಒಳಗೇ ಅರಿಶಿಣದ ಗೆರೆ ಎಳೆದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಕೊಟ್ಟದ್ದಕ್ಕೆ ದೇವರೇ ಸಾಕ್ಷಿ ಎಂದು ಆ ಪಟ್ಟಿಯ ತುಂಬ ಮುಷ್ಟಿಮುಷ್ಟಿ ಭಂಡಾರ ಚೆಲ್ಲಿ ಬಂದರು.

ಹಳದಿಯಾದ ನೆಲವನ್ನು ಕಂಡ ಸಿದ್ದಪ್ಪ ಬೆವತುಹೋದ. ಭಂಡಾರ ಚೆಲ್ಲಿದ್ದಾನೆಂದರೆ ಅಣ್ಣ ಆಣೆ ಹಾಕಿದ್ದಾನೆ, ಕಾಲಿಟ್ಟರೆ ದೇವರು ಬಿಡುವುದಿಲ್ಲ ಎಂದು ಅವನ ತಿಳಿವಳಿಕೆ. ಊರೂ ಹಾಗೇ ತಿಳಿಯಿತು.

ಬಿಡಿಸಿ ಹೇಳಲು ಅಣ್ಣತಮ್ಮಂದಿರ ನಡುವೆ ಮಾತೇ ಇಲ್ಲವಲ್ಲ. ದೂತನಾಗಿ ನಾನು ಹೋದೆ. ಸಿದ್ದಪ್ಪ ಕುರಿ ಸಾಕಿದವನು; ದಾರಿಯುದ್ದಕ್ಕೂ ನನಗೆ ಅವನ ಕುರಿನಾಯಿಗಳ ಚಿಂತೆ. ಸಿದ್ದಪ್ಪ ಚಹಾ ಕೊಟ್ಟು, ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದ. ಆಮೇಲೆ, "ನೀವ್ ಸಾಲಿ ಕಲ್ತವ್ರು. ಫುಕಟ ಭೂಮಿ ಕೊಡೂ ಮಂದೀನ ಎಲ್ಯಾರ ಕಂಡೀರೇನ್ರಿ?" ಎಂದ. ಯೋಚಿಸಿದೆ. ಕಂಡಿರಲಿಲ್ಲ. "ಅಪ್ಪನ ಹೊಲಕ್ಕ ದೇವ್ರ ಆಣಿ ಹಾಕ್ಯಾನ. ಸತ್ರೂ ನಾ ಅಲ್ಲಿ ಕಾಲಿಡಂಗಿಲ್ಲ," ಎಂದು ಕಪ್ಪು ಎತ್ತಿಕೊಂಡು ಒಳಗೆ ಹೋದ.

ಬಂದು ಮಾಮಾರಿಗೆ ವರದಿ ಒಪ್ಪಿಸಿದೆ. ಅವರು ಬೂಟಿನ ಲೇಸು ಕಟ್ಟುತ್ತ ಕೇಳಿದರು. ಕೊನೆಗೆ ತಲೆಯೆತ್ತದೆ, "ಚಾದಾಗ ಸಕ್ರಿ ಭಾಳ ಇತ್ತೇನ್ರಿ?" ಎಂದರು.

"ಭಾಳ ಇತ್ರಿ ಮಾಮಾ."

"ಹಾಂ. ಸಣ್ಣಾಂವ ಇದ್ದಾಗಿಂದ ಹಂಗ."

ಕೊಟ್ಟದ್ದೆಂದು ಆ ಪಟ್ಟಿಯನ್ನು ಅಣ್ಣ ಉಳಲಿಲ್ಲ. ಆಣೆಯೆಂದು ತಮ್ಮ ಉಳಲಿಲ್ಲ. ಮಾಮಾ ಈ ಚಳಿಗಾಲ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು, ಮೊಣಕಾಲು ಕೈಕೊಟ್ಟು ಆಟ ಬಿಟ್ಟು ಅವರು ಬೋರಾಮಣಿಗೇ ಹೋಗಿ ಇದ್ದಾಗ, ಒಂದು ಭಾನುವಾರ ನೋಡಿಬರಲು ಹೋಗಿದ್ದೆ. ಅದೇ ಕೊನೆಯ ಭೇಟಿ.

ಹೊಲದ ಅಂಚಿನ ಜಾಲಿಯ ಕೆಳಗೆ ಕಂಬಳಿ ಹಾಸಿ ಕೂತಿದ್ದರು. ಎರಡೂ ಕಡೆ ಜೋಳ, ನಡುವೆ ಉದ್ದಕ್ಕೆ ಮೊಣಕಾಲೆತ್ತರದ ಹುಲ್ಲು. ಹಾವು ಇದ್ದಾವೆಂದು ನಾನು ಕಾಲು ಮೇಲೆ ಎಳೆದುಕೊಂಡು ಕೂತೆ. ಅಷ್ಟರಲ್ಲಿ ಸಿದ್ದಪ್ಪನ ಹಿಂಡಿನ ಒಂದು ಕುರಿ ತಪ್ಪಿಸಿಕೊಂಡು ಆ ಹುಲ್ಲಿಗೆ ನುಗ್ಗಿತು. ಸಿದ್ದಪ್ಪ ಓಡಿ ಬಂದವನು ತನ್ನ ಅಂಚಿಗೇ ನಿಂತ, ಹುಲ್ಲಿಗೆ ಕಾಲಿಡಲಿಲ್ಲ. ನಮ್ಮ ಕಡೆ ನೋಡಲೂ ಇಲ್ಲ. ಅಲ್ಲಿಂದಲೇ ಕೋಲು ಬೀಸುತ್ತ ಕುರಿಯ ಹಿಂದಿನ ಏಳು ತಲೆಮಾರನ್ನೂ ಬೈದು ಕರೆದ. ಕುರಿ ತನ್ನ ಪಾಡಿಗೆ ಮೇಯ್ದು, ಸಾಕಾದ ಮೇಲೆ ತಿರುಗಿ ಹೋಯಿತು. ಅವನೂ ಹೋದ.

ಮಾಮಾ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಅಂವನ ದನಿ ಥೇಟ್ ನಮ್ಮಪ್ಪನ ದನಿ ಆಗೈತಿ ನೋಡ್ರಿ," ಎಂದರು.

ನನಗೆ ಸಂಜೆಯ ಬಸ್ಸಿನ ಚಿಂತೆ. ಹೊರಡೋಣವೆಂದು ಎದ್ದು ಚಪ್ಪಲಿ ಮೆಟ್ಟಿದೆ. ಮಾಮಾ ನನ್ನ ಅಂಗಿಯ ತುದಿ ಹಿಡಿದು ಎಳೆದರು.

"ಕುಂದ್ರರಿ ಸಾಹೇಬ್ರ. ಇನ್ನೊಂದು ಕುರಿ ಬರ್ಲಿ."