ನಾನು ಆರಿಸಿದ ಹನ್ನೊಂದು ಜನ

ಆ ಸೀಸನ್ ಗೆದ್ದದ್ದು ನನ್ನ ತಂಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯವರಲ್ಲಿ ಯಾರನ್ನು ಕೇಳಿದರೂ ಅದು ನೆನಪಿಲ್ಲ ಅನ್ನುತ್ತಾರೆ. ಬಿದ್ದವರು ಮಾತ್ರ ಅವರಿಗೆ ಚೆನ್ನಾಗಿ ನೆನಪಿದ್ದಾರೆ. ತೊಡೆ ಹಿಡಿದುಕೊಂಡು ಕುಂಟುತ್ತಾ ಹೊರಗೆ ಹೋದ ಎಡಗೈ ಬೌಲರ್, ಬೆರಳು ಮುರಿದುಕೊಂಡ ಕೀಪರ್, ಹೆಲ್ಮೆಟ್ಟಿಗೆ ಚೆಂಡು ಬಡಿದು ಪಿಚ್ಚಿನ ಮೇಲೇ ಕೂತುಬಿಟ್ಟ ಓಪನರ್. ಮೂವರೂ ನಾನು ಆರಿಸಿದವರು.

ತಂಡ ಅಂದರೆ ಫೋನಿನೊಳಗಿನ ತಂಡ. ವಿಜಯನಗರದಲ್ಲಿರುವ ನನ್ನ ತಮ್ಮನ ಮಗ ಕ್ರಿಕೆಟ್ ಸೀಸನ್ ಶುರುವಾಗುವ ಹೊತ್ತಿಗೆ ಮನೆಮಂದಿಗೆಲ್ಲ ಒಂದು ಫ್ಯಾಂಟಸಿ ಲೀಗ್ ಕಟ್ಟಿದ. ನಿಜವಾದ ಆಟಗಾರರಲ್ಲಿ ಹನ್ನೊಂದು ಜನರನ್ನು ಒಬ್ಬೊಬ್ಬರೂ ಆರಿಸಿಕೊಳ್ಳಬೇಕು. ಅವರು ಮೈದಾನದಲ್ಲಿ ಹೊಡೆದ ರನ್ನಿಗೆ, ತೆಗೆದ ವಿಕೆಟ್ಟಿಗೆ ನಮಗೆ ಪಾಯಿಂಟು. ಕ್ಯಾಪ್ಟನ್ ಅಂತ ಗುರುತು ಹಾಕಿದವನದು ಡಬಲ್. ದುಡ್ಡಿನ ಮಾತಿಲ್ಲ, ಕೊನೇ ಸ್ಥಾನಕ್ಕೆ ಬಂದವರು ಎಲ್ಲರಿಗೂ ಹೋಳಿಗೆ ಊಟ ಹಾಕಿಸಬೇಕು, ಅಷ್ಟೇ.

ನನ್ನನ್ನು ಇದಕ್ಕೆ ಎಳೆದವಳು ತಂಗಿಯ ಮಗಳು. ಅವಳು ಹೈಸ್ಕೂಲು ಓದಿದ್ದೆಲ್ಲ ರಾಜಾಜಿನಗರದಲ್ಲಿ, ನಮ್ಮ ಮನೆಯಲ್ಲೇ ಇದ್ದುಕೊಂಡು. ನನಗೆ ಮಕ್ಕಳಿಲ್ಲ, ಆ ಕೊರತೆ ನೀಗಿದ್ದು ಅವಳಿಂದ. ಈಗ ಬಸುರಿಯಾಗಿ ಕೆಂಗೇರಿಯ ತಾಯಿಮನೆಗೆ ಬಂದಿದ್ದಳು.

"ಸೇರ್ಕೋ ದೊಡ್ಡಮ್ಮ. ದೊಡ್ಡಪ್ಪ ನಿಂಗೆ ಕಲಿಸಿದ್ದೆಲ್ಲ ದಂಡ ಮಾಡ್ತೀಯಾ?" ಅಂದಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇದಕ್ಕೂ ಹೆಸರು ನೀನೇ ಸೆಲೆಕ್ಟ್ ಮಾಡ್ಬೇಕು, ಈಗಲೇ ಹೇಳಿರ್ತೀನಿ" ಅಂದಳು. ನನಗೆ ಅಳು ಬಂತು. ಬಂದದ್ದನ್ನು ಅವಳಿಗೆ ತೋರಿಸಲಿಲ್ಲ.

ಅವಳು ಹೇಳಿದ್ದು ನಿಜ. ನನಗೆ ಕ್ರಿಕೆಟ್ ಕಲಿಸಿದವರು ನನ್ನ ಗಂಡ. ಚೆಂಡು ನೋಡಬೇಡ, ಬೌಲರ್‌ನ ಕಾಲು ನೋಡು ಅನ್ನುತ್ತಿದ್ದರು. ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ಹಾಲು ತರಲು ಹೋದವರು ಬೂತಿನ ಮುಂದೆ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಆಮೇಲೆ ನಾನು ಆಟ ನೋಡುವುದನ್ನೇ ಬಿಟ್ಟಿದ್ದೆ. ಈ ಹುಡುಗರ ಕಾಟದಿಂದ ಮತ್ತೆ ಟಿವಿ ಮುಂದೆ ಕೂತೆ. ತಂಡಕ್ಕೆ ಒಗ್ಗರಣೆ ಇಲೆವೆನ್ ಅಂತ ಹೆಸರಿಟ್ಟೆ. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಕ್ಯಾಪ್ಟನ್ ಮಾಡಿದ ಬೌಲರ್ ಮೊದಲನೇ ಪಂದ್ಯದಲ್ಲೇ ತೊಡೆ ಹಿಡಿದುಕೊಂಡ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ತಮ್ಮನ ಮಗ ಒಂದು ಆಂಬುಲೆನ್ಸ್ ಚಿತ್ರ ಹಾಕಿದ. "ಅತ್ತೆ, ಆ ಹುಡುಗ ನಿಮ್ಗೇನ್ ಮಾಡಿದ್ದ ಪಾಪ?" ಅಂತ ಬರೆದ. ನಾನೂ ನಕ್ಕೆ. ಮುಂದಿನ ವಾರ ಕೀಪರ್‌ನ ಬೆರಳು ಮುರಿದಾಗ ಮತ್ತೆ ಆಂಬುಲೆನ್ಸ್ ಬಂತು, ಮತ್ತೆ ಎಲ್ಲರೂ ನಕ್ಕರು. ಉದ್ದದ ಸೀಸನ್ನು, ಯಾರ ತಂಡದಲ್ಲಿ ಯಾರಿಗೆ ಪೆಟ್ಟಾಗಿರಲಿಲ್ಲ? ತಮ್ಮನ ತಂಡದಲ್ಲೂ ಇಬ್ಬರು ಮನೆಗೆ ಹೋಗಿದ್ದರು. ಅವರಿಗೆ ಯಾರೂ ಆಂಬುಲೆನ್ಸ್ ಕಳಿಸಲಿಲ್ಲ.

ಒಂದು ಸಂಜೆ ತಮ್ಮ ಫೋನ್ ಮಾಡಿದ. ಮರುದಿನ ನಮ್ಮ ಊರಿನ ತಂಡದ ಪಂದ್ಯವಿತ್ತು.

"ಅಕ್ಕ, ನಾಳೆ ಅವರ ಓಪನರ್ ಡೇಂಜರ್ ಕಣಕ್ಕ. ಅವನ್ನ ನೀನು ಹಾಕ್ಕೊಂಡ್ಬಿಡು."

"ನಾನ್ ಹಾಕ್ಕೊಂಡ್ರೆ?"

"ಹಾಕ್ಕೋ ಸುಮ್ನೆ. ನಮ್ಮೋರು ಗೆಲ್ಲೋದು ಬೇಡ್ವಾ?" ಅಂತ ನಕ್ಕ.

ಹಾಕಿಕೊಂಡೆ. ಆ ಓಪನರ್ ಒಳ್ಳೆಯ ಆಟಗಾರ. ನಾನಾಗಿಯೇ ಆರಿಸಬೇಕು ಅಂದುಕೊಂಡಿದ್ದವನೇ. ಮೂರನೇ ಓವರಿನಲ್ಲಿ ಚೆಂಡು ಎಗರಿ ಅವನ ಹೆಲ್ಮೆಟ್ಟಿಗೆ ಬಡಿಯಿತು. ಅವನು ಕೂತ. ಎದ್ದು ನಿಂತು ಮತ್ತೆ ಕೂತ. ನಾನು ಟಿವಿಯ ಶಬ್ದ ತಗ್ಗಿಸಿ ಫೋನ್ ನೋಡಿದೆ. ಗ್ರೂಪಿನಲ್ಲಿ ನಗುವ ಮುಖ ಒಂದೂ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತಂಗಿ ಕೈಮುಗಿದ ಚಿತ್ರವೊಂದನ್ನು ಹಾಕಿದಳು. ಅದು ದೇವರಿಗೋ ನನಗೋ ತಿಳಿಯಲಿಲ್ಲ.

ಓಪನರ್ ಎರಡು ಪಂದ್ಯ ಬಿಟ್ಟು ವಾಪಸ್ ಬಂದ, ಅರ್ಧ ಶತಕ ಹೊಡೆದ. ನನ್ನ ತಂಡ ಮೇಲೇರುತ್ತಲೇ ಇತ್ತು. ಆದರೆ ತಮಾಷೆ ನಿಂತಿತ್ತು. ತಮಾಷೆ ಇದ್ದಾಗ ನನಗೆ ಸಿಟ್ಟು ಬರುತ್ತಿತ್ತು. ನಿಂತ ಮೇಲೆ ಭಯವಾಯಿತು.

ಸೀಮಂತಕ್ಕೆ ಸೀರೆ ತರಲು ತಂಗಿ, ಅವಳ ಮಗಳು, ನಾನು ರಾಜಾಜಿನಗರದ ಅಂಗಡಿಗೆ ಹೋದೆವು. ನಾನು ರಾಶಿಯಿಂದ ಒಂದು ಗಿಳಿಹಸಿರು ಸೀರೆ ಎಳೆದೆ. ಹುಡುಗಿ ಅದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿ, "ಇದೇ ಇರ್ಲಿ" ಅಂದಳು. ತಂಗಿ ಸೀರೆಯನ್ನು ಅವಳ ಹೆಗಲಿಂದ ತೆಗೆದು ಮಡಚಿದಳು. "ಬೇಡ, ಬೇರೆ ನೋಡೋಣ" ಅಂದಳು. ಆಮೇಲೆ ತಾನೇ ಆರಿಸಿದ್ದು ಅದೇ ಹಸಿರು, ಅದೇ ಬಾರ್ಡರು; ಪಕ್ಕದ ರಾಶಿಯದು. ಅಂಗಡಿಯವನಿಗೂ ಆಶ್ಚರ್ಯವಾಯಿತು. "ಎರಡೂ ಒಂದೇ ಅಲ್ವಾ ಮೇಡಂ?" ಅಂದ. ತಂಗಿ ಪರ್ಸ್ ತೆಗೆದಳು.

ಅವರ ಜೊತೆಗೇ ಕೆಂಗೇರಿಗೆ ಹೋಗಿ, ಕಾಫಿ ಕುಡಿದು ಹೊರಟೆ. ಅರ್ಧ ದಾರಿಯಲ್ಲಿ ಛತ್ರಿ ಬಿಟ್ಟುಬಂದದ್ದು ಗೊತ್ತಾಯಿತು. ಮೋಡ ಕವಿದಿತ್ತು, ವಾಪಸ್ ತಿರುಗಿದೆ. ತಂಗಿಯದು ಮೊದಲನೇ ಮಹಡಿ. ಅಡುಗೆಮನೆಯ ಗೋಡೆಯಲ್ಲಿರುವ ಎಕ್ಸಾಸ್ಟ್ ಫ್ಯಾನಿನ ಬಾಯಿ ಮೆಟ್ಟಿಲ ಕಡೆಗೇ ಇದೆ. ನಾನು ಮೆಟ್ಟಿಲು ಹತ್ತುತ್ತಿದ್ದಂತೆ ಒಣಮೆಣಸಿನಕಾಯಿ ಸುಟ್ಟ ಘಾಟು ಮುಖಕ್ಕೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು. ಕೆಮ್ಮು ಒತ್ತಿ ಬಂದು ಸೆರಗು ಬಾಯಿಗೆ ತುರುಕಿಕೊಂಡೆ.

ದೃಷ್ಟಿ ತೆಗೆಯುತ್ತಿದ್ದಾರೆ ಅಂತ ತಕ್ಷಣ ಗೊತ್ತಾಯಿತು. ಉಪ್ಪು, ಮೆಣಸಿನಕಾಯಿ, ಸಾಸಿವೆ ನಿವಾಳಿಸಿ ಬೆಂಕಿಗೆ ಹಾಕುವುದನ್ನು ನಮ್ಮಮ್ಮ ನಮಗೆಲ್ಲ ಮಾಡುತ್ತಿದ್ದಳು. ಘಾಟು ಬಂದರೆ ಏನೂ ಇಲ್ಲ. ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ಬಿದ್ದಿದೆ ಅಂತ ಅರ್ಥ.

ಫ್ಯಾನಿನ ಸದ್ದಿನ ನಡುವೆ ತಂಗಿಯ ದನಿ ಕೇಳಿತು. "ನೋಡ್ದಾ? ಒಂಚೂರೂ ಘಾಟಿಲ್ಲ. ನಾನ್ ಹೇಳಿರ್ಲಿಲ್ವಾ?"

ಘಾಟೆಲ್ಲ ಹೊರಗೆ ನನ್ನ ಗಂಟಲಲ್ಲಿತ್ತು. ಫ್ಯಾನ್ ಆರಿಸೇ ಪೆದ್ದಿ ಅಂತ ಕೂಗಬೇಕು ಅನ್ನಿಸಿತು. ಕೂಗಿದ್ದರೆ ನಗುವಿನಲ್ಲಿ ಮುಗಿಯುತ್ತಿತ್ತೋ ಏನೋ. ಅಷ್ಟರಲ್ಲಿ ಹುಡುಗಿ, "ಅಮ್ಮ, ಅದೊಂದು ಗೇಮ್ ಅಷ್ಟೇ. ದೊಡ್ಡಮ್ಮ ಏನ್ ಮಾಡ್ತಾಳೆ ಪಾಪ" ಅಂದಳು.

"ಗೇಮ್ ಇರ್ಬೋದು. ಅವಳು ಬೇಕು ಅಂತ ಮಾಡಲ್ಲ, ನಂಗೂ ಗೊತ್ತು. ಅವಳು ಆರಿಸಿದ್ದು ಉಳಿಯಲ್ಲ, ಅಷ್ಟೇ. ಭಾವನ್ನೂ ಅವಳೇ ತಾನೇ ಆರಿಸ್ಕೊಂಡಿದ್ದು?"

ನಮ್ಮದು ಪ್ರೀತಿಸಿ ಆದ ಮದುವೆ. ಅಪ್ಪ ಹುಡುಕಿದ್ದ ಗಂಡನ್ನು ಬೇಡವೆಂದು ಅವರನ್ನು ಆರಿಸಿಕೊಂಡವಳು ನಾನೇ. ಆಗ ನನ್ನ ಪರ ನಿಂತು ಅಪ್ಪನ ಜೊತೆ ಜಗಳವಾಡಿದ್ದು ಇದೇ ತಂಗಿ. ಹುಡುಗಿ ಏನಾದರೂ ಹೇಳುತ್ತಾಳೆ ಅಂತ ಕಾದೆ. ಅವಳು ಹೇಳಲಿಲ್ಲ. ಫ್ಯಾನ್ ತಿರುಗುತ್ತಲೇ ಇತ್ತು. ಛತ್ರಿ ತೆಗೆದುಕೊಳ್ಳದೆ ಇಳಿದುಬಂದೆ.

ಮೆಟ್ರೋದಲ್ಲಿ ದೀಪಾಂಜಲಿ ನಗರ ದಾಟುವವರೆಗೂ ಕೆಮ್ಮುತ್ತಲೇ ಇದ್ದೆ. ಎದುರಿನ ಹೆಂಗಸು ನೀರಿನ ಬಾಟಲಿ ಕೊಟ್ಟಳು. ಸಿಟ್ಟು ಬಂದಿತ್ತು. ಆದರೆ ಮನೆ ಸೇರಿ ಗಂಡನ ಫೋಟೋ ಮುಂದೆ ದೀಪ ಹಚ್ಚುವಾಗ ಕಡ್ಡಿ ಹಿಡಿದ ಕೈ ಹಿಂದೆ ಬಂತು. ಅವರನ್ನು ಬೇರೆ ಯಾರಾದರೂ ಮದುವೆಯಾಗಿದ್ದರೆ ಇವತ್ತು ಇರುತ್ತಿದ್ದರೇನೋ ಅನ್ನಿಸಿಬಿಟ್ಟಿತು. ಆ ಮಾತು ತಂಗಿಯ ಬಾಯಿಂದ ಬಂದದ್ದಕ್ಕಿಂತ ನನ್ನ ತಲೆಯೊಳಗೆ ಬಂದದ್ದು ಹೆಚ್ಚು ಹೆದರಿಸಿತು.

ಅವತ್ತಿನಿಂದ ತಂಡವನ್ನು ಮುಟ್ಟಲಿಲ್ಲ. ಬದಲಾವಣೆ ಮಾಡದಿದ್ದರೆ ಹಳೆಯ ಹನ್ನೊಂದು ಜನರೇ ಮುಂದುವರಿಯುತ್ತಾರೆ. ಅವರು ಆಡಿದರು, ಚೆನ್ನಾಗಿಯೇ ಆಡಿದರು, ಯಾರೂ ಬೀಳಲಿಲ್ಲ. ಫೈನಲ್ ದಿನ ಒಗ್ಗರಣೆ ಇಲೆವೆನ್ ಮೊದಲನೇ ಸ್ಥಾನಕ್ಕೆ ಬಂತು. ಗ್ರೂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಹುಡುಗಿಗೆ ನೋವು ಶುರುವಾಗಿ ಎಲ್ಲರೂ ಆಸ್ಪತ್ರೆಯಲ್ಲಿದ್ದರು. ನನಗೆ ಸುದ್ದಿ ಬಂದದ್ದು ಹೆರಿಗೆಯಾದ ಮೇಲೆ.

"ಹೆಣ್ಣುಮಗು ಅಕ್ಕ. ಚೆನ್ನಾಗಿದೆ. ಇಲ್ಲಿ ಜಾಸ್ತಿ ಜನ ಬಿಡಲ್ವಂತೆ. ಮನೆಗೆ ಬಂದ್ಮೇಲೆ ನೋಡಿದ್ರಾಯ್ತು ಬಿಡು" ಅಂದಳು ತಂಗಿ. ಸ್ವಲ್ಪ ಹೊತ್ತಿನಲ್ಲೇ ಗ್ರೂಪಿಗೆ ಫೋಟೋ ಬಂತು. ತಮ್ಮ, ಅವನ ಹೆಂಡತಿ, ಮಗ, ಎಲ್ಲರೂ ಸರದಿಯಂತೆ ಮಗುವನ್ನು ಎತ್ತಿಕೊಂಡು ನಿಂತಿದ್ದರು.

ಮಾರನೇ ದಿನವೋ ಅದರ ಮಾರನೇ ದಿನವೋ, ನಾನು ಕೆಲಸ ಮಾಡುವ ಬಸವೇಶ್ವರನಗರದ ಶಾಲೆಯ ಆಫೀಸಿನಲ್ಲಿದ್ದಾಗ ಹುಡುಗಿ ಫೋನ್ ಮಾಡಿದಳು. ಮಗುವಿಗೆ ಕಾಮಾಲೆ ಕಾಣಿಸಿಕೊಂಡು ನೀಲಿ ದೀಪದ ಕೆಳಗೆ ಮಲಗಿಸಿದ್ದಾರಂತೆ. "ತುಂಬಾ ಮಕ್ಕಳಿಗೆ ಆಗುತ್ತೆ, ಭಯ ಇಲ್ಲ ಅಂದ್ರು ಡಾಕ್ಟ್ರು" ಅಂದಳು.

"ದೊಡ್ಡಮ್ಮ... ಹೆಸರು ಯೋಚನೆ ಮಾಡಿದ್ಯಾ?"

ಮಾತು ಕೊಟ್ಟಿದ್ದಳು, ಅದಕ್ಕೇ ಕೇಳುತ್ತಿದ್ದಳು. ಹೆಸರು ನನ್ನ ಬಾಯಲ್ಲೇ ಇತ್ತು. ಅವಳು ಕೇಳಿದ ದಿನವೇ ಹೊಳೆದಿತ್ತು. ತಿಂಗಳುಗಟ್ಟಲೆ ಬಟ್ಟೆ ಒಣಗಿಸುವಾಗ, ಬಸ್ಸಿಗೆ ಕಾಯುವಾಗ ಹೇಳಿಕೊಂಡು ಅಭ್ಯಾಸವಾಗಿತ್ತು. ಕಣ್ಣ ಮುಂದೆ ಆ ನೀಲಿ ದೀಪ ಬಂತು.

"ಇಲ್ಲ ಪುಟ್ಟ. ಯಾವ್ದೂ ಹೊಳೀಲೇ ಇಲ್ಲ. ನೀವೇ ಇಟ್ಕೊಳ್ಳಿ" ಅಂದೆ.

ಆ ಕಡೆಯಿಂದ ಹಿಡಿದಿಟ್ಟ ಉಸಿರು ಬಿಟ್ಟ ಸದ್ದು ಕೇಳಿತು. ಆ ಉಸಿರು ನನಗೆ ಗೊತ್ತು. ಪರೀಕ್ಷೆ ಮುಗಿಸಿ ಬಂದು ಚೀಲ ಕೆಳಗಿಟ್ಟಾಗ ಬಿಡುತ್ತಿದ್ದ ಉಸಿರು. "ಸರಿ ದೊಡ್ಡಮ್ಮ, ಪರವಾಗಿಲ್ಲ" ಅಂದಳು, ಬೇಗ ಬೇಗ.

ಮಗು ಈಗ ಗುಂಡುಗುಂಡಾಗಿದೆ. ಜೋಯಿಸರು ಹೇಳಿದ ಅಕ್ಷರದ ಹೆಸರಿಟ್ಟಿದ್ದಾರೆ. ಕೆಂಗೇರಿಗೆ ಹೋದರೆ ತಂಗಿಯೇ ನನ್ನ ತೊಡೆಯ ಮೇಲೆ ತಂದು ಕೂರಿಸುತ್ತಾಳೆ, ಏನೂ ನಡೆದೇ ಇಲ್ಲವೆಂಬಂತೆ. ಮಗು ನನ್ನ ಕನ್ನಡಕ ಎಳೆದು ನಗುತ್ತದೆ. ನಾನು ಆರಿಸಿದ್ದ ಹೆಸರು ಆಗ ಗಂಟಲಿಗೆ ಬರುತ್ತದೆ. ಅದನ್ನು ಮನಸ್ಸಿನಲ್ಲೂ ಕರೆಯುವುದಿಲ್ಲ, ನುಂಗಿಕೊಳ್ಳುತ್ತೇನೆ.