ತಲೆಗೆ ಕೋಳಿಗರಿ, ಕೈಗೆ ಬುರುಡೆ

ಕಳೆದ ಭಾನುವಾರ ನಾನು ಆದಿವಾಸಿಯಾದೆ. ಹಿಡಿದದ್ದು ಇಪ್ಪತ್ತೇ ನಿಮಿಷ.

ಆಗಿದ್ದಿಷ್ಟು. ಮುಳಬಾಗಿಲಿನ ಹತ್ತಿರ ಬಂಡೆಗಳ ನಡುವೆ ಸಿನಿಮಾ ಶೂಟಿಂಗ್. ಪರಿಚಯದ ಡೈರೆಕ್ಟರ್ ಫೋನ್ ಮಾಡಿ, 'ಪೂಜೆ ಸೀನಿಗೆ ಒರಿಜಿನಲ್ ಆದಿವಾಸಿಗಳು ಬೇಕು ಸಾರ್' ಎಂದ. ನಮ್ಮೂರ ಅಂಗನವಾಡಿ ಟೀಚರ್ ಮುನಿಯಮ್ಮ ಇರುಳಿಗ ಬುಡಕಟ್ಟಿನವರು. ಅವರನ್ನು ಕೇಳಿದೆ.

'ನಮ್ಮಮ್ಮ ದೇವರ ಮುಂದೆ ಹೇಳ್ತಿದ್ದ ಹಾಡು ಈಗ ನನಗೊಬ್ಬಳಿಗೇ ಬರೋದು ಸಾರ್. ಅದೊಂದು ಸಿನಿಮಾದಲ್ಲಿ ಉಳಿದ್ರೆ ಸಾಕು' ಎಂದರು. ಡೈರೆಕ್ಟರೂ ಒಪ್ಪಿದ.

ಅಂದಿನಿಂದ ನನಗೆ ಚಿಂತೆ. ಅವರು ಬಾರದಿದ್ದರೆ? ಬಂದು ಕ್ಯಾಮೆರಾ ನೋಡಿ ಹೆದರಿದರೆ? (ಚಿಂತೆಗೆ ಕಾರಣವಿಲ್ಲದ ದಿನ ಅದೇ ನನಗೊಂದು ಚಿಂತೆ.)

ತಮ್ಮವರನ್ನೂ ಕರೆದುಕೊಂಡು ಬಂದರು, ಒಟ್ಟು ಎಂಟು ಜನ. ಫೋಟೋ ತೆಗೆಯುತ್ತಾರೆಂದರೆ ಮದುವೆಗೆ ಹೊರಟಂತೆ ಹೊರಡುವುದು ನಮ್ಮ ಕಡೆಯ ಪದ್ಧತಿ. ಗಂಡಸರು ಇಸ್ತ್ರಿ ಷರಟು, ಹೆಂಗಸರು ಮುಡಿ ತುಂಬ ಕನಕಾಂಬರ. ಮುನಿಯಮ್ಮನವರದು ರೇಷ್ಮೆ ಸೀರೆ. ಡೈರೆಕ್ಟರ್ ಮುಖ ಹುಳ್ಳಗಾಯಿತು.

'ಇವರು ಆದಿವಾಸಿಗಳ ಥರ ಕಾಣಲ್ಲ ಸಾರ್.'

'ಅವರು ಆದಿವಾಸಿಗಳೇ ಕಣಯ್ಯಾ!'

'ಇರಬಹುದು. ಆಡಿಯನ್ಸ್ ನಂಬಬೇಕಲ್ಲ?' ಎಂದವನ ಕಣ್ಣು ನನ್ನ ಮೇಲೆ ಬಿತ್ತು. ಬಣ್ಣ, ಹೊಟ್ಟೆ, ಕೆದರಿದ ಗಡ್ಡ. 'ಸಾರ್, ನಿಮ್ಮದು ಪರ್ಫೆಕ್ಟ್ ಫೇಸ್!'

ನಮ್ಮ ಕೋಲಾರದವರೆಂದರೆ ತೆಲುಗು ಬೆರೆಸಿ ನಗಿಸುವ ಕಾಮಿಡಿಯನ್ನುಗಳೇ ಎಂದು ಸಿನಿಮಾದವರ ಮೇಲೆ ಇದೇ ಅಂಕಣದಲ್ಲಿ ಮೂರು ಸಲ ಕೆಂಡ ಕಾರಿದವನು ನಾನು. ಆಗಲ್ಲ ಹೋಗಯ್ಯಾ ಎನ್ನಬೇಕಿತ್ತು. ಆದರೆ ನೀವೇ ಹೇಳಿ, ಐವತ್ತು ದಾಟಿದವನ ಮುಖಕ್ಕೆ 'ಪರ್ಫೆಕ್ಟ್' ಅನ್ನುವವರು ಎಷ್ಟು ಸಲ ಸಿಗುತ್ತಾರೆ? (ನಮ್ಮ ಮನೆಯಲ್ಲಂತೂ ಇಲ್ಲ.)

ತಲೆಗೆ ಕೋಳಿಗರಿ. ಮೈಗೆ ಮಸಿ. ಕೈಗೆ ಪ್ಲಾಸ್ಟಿಕ್ ಬುರುಡೆ. ಮಸಿಯಿಂದ ಅಲರ್ಜಿಯಾದರೆ ಅನ್ನುವುದೊಂದೇ ಆಗ ನನ್ನ ಚಿಂತೆ. ಅರಿಶಿನ ಬಳಿದ ಕಲ್ಲಿನ ಸುತ್ತ 'ಹೂ! ಹಾ!' ಎಂದು ಕುಣಿದೆ. ಮೂರು ಟೇಕ್.

ಹಾಡು ನೆನಪಾದದ್ದು ಆಮೇಲೆ.

'ಲೇ, ಆಯಮ್ಮನ ಹಾಡು?'

'ಪ್ಯಾಕಪ್ ಆಯ್ತಲ್ಲ ಸಾರ್!'

ಮುನಿಯಮ್ಮ ಅಷ್ಟು ಹೊತ್ತೂ ಬಂಡೆಯ ನೆರಳಲ್ಲಿ ಕೂತು ನೋಡಿದ್ದರು. ಹತ್ತಿರ ಹೋದೆ. ಮಸಿ ಒರೆಸಿಕೊಳ್ಳಲು ಅವರೇ ಕರ್ಚೀಫ್ ಕೊಟ್ಟರು. ಆಮೇಲೆ, ಬಲು ಮರ್ಯಾದೆಯಿಂದ ಕೇಳಿದರು:

'ಅಲ್ಲಾ ಸಾರ್, ನಿಮ್ಮ ಜನದಲ್ಲಿ ದೇವರನ್ನ ಹಿಂಗೇನಾ ಕರೆಯೋದು?'